ಜಾಯಿಂಟ್ ಹಾಕಿದವರು ಯಾರು?

ಬೆಳಿಗ್ಗೆ ಎಂಟೂವರೆ ಹೊತ್ತಿಗೆ ವಿಜಯನಗರ ಜಿಲ್ಲೆಯ ಕೊಟ್ಟೂರಿನ ಯಾವುದಾದರೂ ಹಾರ್ಡ್‌ವೇರ್ ಅಂಗಡಿ ಮುಂದೆ ಹೋಗಿ ನಿಂತರೆ ಊರಿನ ಅರ್ಧದಷ್ಟು ಪ್ಲಂಬರ್‌ಗಳು ಅಲ್ಲೇ ಸಿಗುತ್ತಾರೆ. ಒಬ್ಬ ಬೈಕಿಗೆ ಒರಗಿ ಮಂಡಕ್ಕಿ-ಮಿರ್ಚಿ ತಿನ್ನುತ್ತಿರುತ್ತಾನೆ. ಇನ್ನೊಬ್ಬ ಅಂಗಡಿ ಹುಡುಗನ ಕೈಯಿಂದ ಎಲ್ಬೋ, ಟೀ, ಕಪ್ಲಿಂಗ್‌ಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿರುತ್ತಾನೆ. ಅಷ್ಟರಲ್ಲಿ ಮನೆ ಕಟ್ಟಿಸುತ್ತಿರುವವರೊಬ್ಬರು ಬಂದು, “ಸಾವ್ಕಾರ್ರೆ, ಒಬ್ಬ ಚಲೋ ಪ್ಲಂಬರ್ ಹೇಳ್ರಿ” ಅನ್ನುತ್ತಾರೆ. ಸಾಹುಕಾರರು ಬಿಲ್ ಬರೆಯುತ್ತಲೇ ಗದ್ದ ಎತ್ತಿ ಹೊರಗೆ ತೋರಿಸುತ್ತಾರೆ. “ಅಗೋ, ಅಲ್ಲಿ ನಿಂತಾನಲ್ರಿ, ಅವನ್ನ ಕರ್ಕೊಂಡು ಹೋಗ್ರಿ. ಲೀಕ್ ಆದ್ರೆ ನನಗೆ ಹೇಳ್ರಿ.”

ಪರೀಕ್ಷೆ, ಪ್ರಮಾಣಪತ್ರ, ಪರವಾನಗಿ ಎಲ್ಲವೂ ಆ ಗದ್ದದ ಸನ್ನೆಯಲ್ಲೇ ಮುಗಿಯಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಲ್ಲಿ ನೋಡಿದರೂ ಇದೇ ಪದ್ಧತಿ. “ನಿನಗೆ ಲೈಸೆನ್ಸ್ ಐತೇನಪ್ಪ?” ಎಂದು ಪ್ಲಂಬರ್‌ನನ್ನು ಕೇಳಿದ ಒಬ್ಬ ಗೃಹಸ್ಥನನ್ನೂ ನಾನು ಕಂಡಿಲ್ಲ. ಮನೆ ಕಟ್ಟಿಸುವಾಗ ನಾನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ.

ಅದೇ ಮನೆಗೆ ಕರೆಂಟು ತೆಗೆದುಕೊಳ್ಳುವಾಗಿನ ಕಥೆಯೇ ಬೇರೆ. ವೈರಿಂಗ್ ಮಾಡಿದ ಹುಡುಗ ಎಷ್ಟೇ ಜಾಣನಿರಲಿ, ಅರ್ಜಿಯ ಮೇಲೆ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರನ ಸಹಿ ಮತ್ತು ಮೊಹರು ಬೀಳದೆ ಮೀಟರ್ ಬರುವುದಿಲ್ಲ. ವೈರ್‌ಮನ್‌ಗೊಂದು ಪರ್ಮಿಟ್, ಸೂಪರ್‌ವೈಸರ್‌ಗೊಂದು ಪರ್ಮಿಟ್, ಗುತ್ತಿಗೆದಾರನಿಗೆ ದರ್ಜೆವಾರು ಲೈಸೆನ್ಸ್. ಇವನ್ನೆಲ್ಲ ನೋಡಿಕೊಳ್ಳಲು ರಾಜ್ಯಕ್ಕೊಂದು ವಿದ್ಯುತ್ ಪರಿವೀಕ್ಷಣಾಲಯ. ಆ ಸಹಿ ಎಷ್ಟೋ ಸಲ ಬಾಡಿಗೆಯ ಸಹಿ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆದರೂ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಬಿದ್ದರೆ ಹುಡುಕಿಕೊಂಡು ಹೋಗಲು ಒಂದು ಹೆಸರಾದರೂ ಕಾಗದದ ಮೇಲೆ ಇರುತ್ತದೆ. ತಂತಿ ಎಳೆದವನಿಗೆ ಹೆಸರುಂಟು, ಪೈಪು ಎಳೆದವನಿಗೆ ಇಲ್ಲ. ಇಷ್ಟು ವ್ಯತ್ಯಾಸ ಯಾಕೆ ಎಂದು ಕೇಳಿದರೆ ನನಗೆ ತೋಚುವ ಕಾರಣ ಒಂದೇ. ಕರೆಂಟು ಹೊಡೆದರೆ ಸಾವು ಅಲ್ಲೇ, ಆಗಲೇ, ಎಲ್ಲರ ಕಣ್ಣೆದುರು. ನೀರು ಕೊಂದರೆ ನಾಲ್ಕು ದಿನ ತಡ, ಅದೂ ಆಸ್ಪತ್ರೆಯಲ್ಲಿ, ವಾಂತಿ-ಭೇದಿ ಎಂಬ ಹೆಸರಿನಲ್ಲಿ.

ಹಾಗೆಂದು ನಳಕ್ಕೆ ಕಾಗದಪತ್ರ ಕಡಿಮೆಯೇನಲ್ಲ. ಖಾತೆ ಉತಾರ ಬೇಕು, ಮನೆಗಂದಾಯದ ರಸೀದಿ ಬೇಕು, ಠೇವಣಿ ಕಟ್ಟಬೇಕು, ರಸ್ತೆ ಅಗೆಯುವುದಕ್ಕೆ ಬೇರೆ ಶುಲ್ಕ. ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆಲ್ಲ ಅಡಿಪಾಯ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಅದರ ಪ್ರಕಾರ ನೀರು ಒದಗಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ, ಅದರ ಅಪ್ಪಣೆ ಇಲ್ಲದೆ ಕೊಳವೆಗೆ ಕೈಹಾಕುವಂತಿಲ್ಲ. ಈಗ ಅರ್ಜಿಯೂ ಆನ್‌ಲೈನ್, ‘ಜಲನಿಧಿ’ ಎಂಬ ತಂತ್ರಾಂಶದಲ್ಲಿ. 2011ರ ಸಕಾಲ ಕಾಯ್ದೆ ಬಂದ ಮೇಲೆ ಇಂಥ ಸೇವೆಗಳಿಗೆ ದಿನದ ಗಡುವು ಕೂಡ ಬಂತು. ಮನೆಯ ಯಜಮಾನ ಯಾರು, ಅವನ ಜಾಗ ಎಷ್ಟು, ಬಾಕಿ ಎಷ್ಟು ಎಂಬುದನ್ನೆಲ್ಲ ಸರ್ಕಾರ ಬಗೆದು ಕೇಳುತ್ತದೆ.

ಪೈಪಿಗೂ ಜಾತಕ ಉಂಟು. ಪಿವಿಸಿ ಪೈಪಿನ ಮೈಮೇಲೆ ಐಎಸ್ 4985 ಎಂದು ಅಚ್ಚಾಗಿರಬೇಕು, ಬಿಸಿನೀರಿಗೆ ಹಾಕುವ ಸಿಪಿವಿಸಿಗೆ ಐಎಸ್ 15778, ಜಿಐ ಪೈಪಿಗೆ ಐಎಸ್ 1239. ಪಿವಿಸಿ ಬಿಸಿಗೆ ಕೆಡದಿರಲೆಂದು ಬೆರೆಸುತ್ತಿದ್ದ ಸೀಸವನ್ನು ತೆಗೆಸಲೆಂದೇ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಒಳಗೆ ಹರಿಯುವ ನೀರಿಗೂ ಮಾನಕ ಇದೆ, ಐಎಸ್ 10500. ಅದರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದ ಕಡೆ 1.5ರ ತನಕ ಸಹಿಸಬಹುದು. ಈ ಅಂಕಿಯ ಅರ್ಥವನ್ನು ಕೂಡ್ಲಿಗಿ ಸೀಮೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ.

ಹೀಗೆ ಮನೆಗೆ ಕಾಗದ, ಪೈಪಿಗೆ ಮುದ್ರೆ, ನೀರಿಗೆ ಮಾನಕ. ಒಂದು ಪೈಪಿನ ತುದಿಗೆ ಸಲೂಷನ್ ಬಳಿದು ಇನ್ನೊಂದು ಪೈಪಿನೊಳಗೆ ತುರುಕಿ ಕಾಲು ಸುತ್ತು ತಿರುಗಿಸುವ ಕೈಗೆ ಮಾತ್ರ ಏನೂ ಇಲ್ಲ. ಅವನ ಜೇಬಿನಲ್ಲಿರುವ ಒಂದೇ ಸರ್ಕಾರಿ ಕಾಗದ ಲೇಬರ್ ಕಾರ್ಡು. ಅದನ್ನು ಕೊಡುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ವಯಸ್ಸು 18ರಿಂದ 60ರೊಳಗಿರಬೇಕು, ವರ್ಷದಲ್ಲಿ 90 ದಿನ ದುಡಿದಿರಬೇಕು. ಮದುವೆಗೆ, ಮಕ್ಕಳ ಓದಿಗೆ, ಆಸ್ಪತ್ರೆ ಖರ್ಚಿಗೆ ಆಗಿಬರುವ ಕಾರ್ಡು, ಇರಬೇಕಾದ್ದೇ. ಆದರೆ ಅವನು ತೊಂಬತ್ತು ದಿನ ದುಡಿದ ಎಂದು ಅದು ಹೇಳುತ್ತದೆಯೇ ಹೊರತು ಹೇಗೆ ದುಡಿದ ಎಂದು ಹೇಳುವುದಿಲ್ಲ.

ಕೆಲಸ ಕಲಿಯುವ ಬಗೆಯನ್ನೂ ಹೇಳಬೇಕು. ಐಟಿಐಗಳಲ್ಲಿ ಪ್ಲಂಬರ್ ಎಂಬ ಒಂದು ವರ್ಷದ ಕೋರ್ಸ್ ಇದೆ. ನಮ್ಮ ಕಡೆ ಬಹುಪಾಲು ಹುಡುಗರ ಐಟಿಐ ಎಂದರೆ ದೊಡ್ಡಪ್ಪನ ಮಗನ ಬೈಕಿನ ಹಿಂದಿನ ಸೀಟು. ಮೊದಲ ವರ್ಷ ಪಾನಾ ಹಿಡಿಯುವುದು, ಗೋಡೆ ಕೊರೆದ ಧೂಳು ಬಳಿಯುವುದು, ಚಹಾ ತರುವುದು. ಎರಡನೇ ವರ್ಷ ಹ್ಯಾಕ್ಸಾ ಬ್ಲೇಡು ಕೈಗೆ ಬರುತ್ತದೆ. ಮೂರನೇ ವರ್ಷ ಅಣ್ಣ ಬೇರೆ ಸೈಟಿಗೆ ಹೋದ ದಿನ ಒಂಟಿಯಾಗಿ ಒಂದು ಬಾತ್‌ರೂಮು ಮುಗಿಸಿದರೆ ಅವತ್ತಿನಿಂದ ಅವನೇ ಪ್ಲಂಬರ್. ಇನ್ನು ನಾಲ್ಕು ಹುಡುಗರನ್ನು ಇಟ್ಟುಕೊಂಡು ಬಾತ್‌ರೂಮಿಗೆ ಇಷ್ಟು, ಅಡುಗೆಮನೆಗೆ ಇಷ್ಟು ಎಂದು ಗುತ್ತಿಗೆ ಮಾತಾಡಿದರೆ ಅವನೇ ಪ್ಲಂಬಿಂಗ್ ಕಂಟ್ರಾಕ್ಟರ್. ಈ ಶಾಲೆಯನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಗೋಡೆಗೆ ಕಿವಿಯಿಟ್ಟು ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲವರನ್ನು ಇದೇ ಶಾಲೆ ಕೊಟ್ಟಿದೆ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಹಳ್ಳಿಗಳಿಂದ ಹೊರಟ ಪ್ಲಂಬರ್‌ಗಳು ದೇಶದ ನಗರಗಳನ್ನೆಲ್ಲ ತುಂಬಿದ್ದೂ ಹೀಗೆ ಅಣ್ಣ ತಮ್ಮನಿಗೆ, ಮಾವ ಅಳಿಯನಿಗೆ ಕಲಿಸಿಯೇ.

ಇಂಗ್ಲಿಷಿನ ‘ಪ್ಲಂಬರ್’ ಹುಟ್ಟಿದ್ದು ಸೀಸಕ್ಕೆ ಲ್ಯಾಟಿನ್ನಿನಲ್ಲಿದ್ದ ‘ಪ್ಲಂಬಮ್’ ಎಂಬ ಹೆಸರಿನಿಂದ. ರೋಮನ್ನರು ಸೀಸದ ಕೊಳವೆಯಲ್ಲಿ ನೀರು ತಂದರು. ನಮ್ಮ ಜಿಲ್ಲೆಯದೇ ಆದ ಹಂಪಿಯಲ್ಲಿ ನೀರು ಹರಿದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ, ಕಲ್ಲಿನ ಮೇಲ್ಗಾಲುವೆಗಳಲ್ಲಿ. ಯಾವುದು ಜಾಣತನವೆಂದು ಓದುಗರೇ ಹೇಳಲಿ. ಜಿಐ ಪೈಪಿನ ಕಾಲದ ನಮ್ಮ ಹಿರಿಯ ಪ್ಲಂಬರ್‌ಗಳು ಥ್ರೆಡ್ಡಿಗೆ ಸಣಬು ಸುತ್ತಿ ಸಫೇದಾ ಬಳಿಯುತ್ತಿದ್ದರು. ಈಗ ಬಿಳಿ ಟೆಫ್ಲಾನ್ ಟೇಪು. ಬೋರ್ಡುಗಳಲ್ಲಿ, ಪಠ್ಯಪುಸ್ತಕಗಳಲ್ಲಿ ‘ಕೊಳಾಯಿಗಾರ’ ಎಂದಿರುತ್ತದೆ, ಆದರೆ ಹಾಗೆ ಕರೆದರೆ ಈ ಐದೂರಿನಲ್ಲಿ ಒಬ್ಬನೂ ತಿರುಗಿ ನೋಡುವುದಿಲ್ಲ.

ಕೆಲಸ ಕೆಡುವುದು ಎಲ್ಲಿ? ಮನೆಯೊಳಗೆ ಕೆಟ್ಟರೆ ಗೋಡೆಗೆ ಜೌಗು, ಯಜಮಾನನಿಗೆ ಖರ್ಚು, ಅಷ್ಟಕ್ಕೆ ಮುಗಿಯಿತು. ಭಯ ಇರುವುದು ಬೀದಿಯಲ್ಲಿ. ಊರಿನ ಮುಖ್ಯ ಪೈಪಿಗೆ ಸ್ಯಾಡಲ್ ಎಂಬ ಪಟ್ಟಿ ಕಟ್ಟಿ, ತೂತು ಕೊರೆದು, ಫೆರುಲ್ ಎಂಬ ಕಿರು ಜೋಡಣೆ ಕೂರಿಸಿ, ಅಲ್ಲಿಂದ ಅರ್ಧ ಇಂಚಿನ ಪೈಪನ್ನು ಮನೆತನಕ ತರಬೇಕು. ನಡುವೆ ಚರಂಡಿ ಅಡ್ಡ. ಸರಿಯಾದ ಕ್ರಮವೆಂದರೆ ಕುಡಿಯುವ ನೀರಿನ ಪೈಪು ಕೊಳಚೆಯ ಮಟ್ಟಕ್ಕಿಂತ ಮೇಲಿರಬೇಕು, ದೂರವಿರಬೇಕು, ದಾಟಲೇಬೇಕಾದ ಕಡೆ ಹೊರಗೊಂದು ದೊಡ್ಡ ಪೈಪಿನ ಕವಚ ಹಾಕಿ ದಾಟಿಸಬೇಕು. ಕಾಂಕ್ರೀಟ್ ರಸ್ತೆ ಒಡೆಯುವುದು ಕಷ್ಟ, ಶುಲ್ಕ ಬೇರೆ. ಚರಂಡಿಯೊಳಗೇ ಪೈಪು ಮಲಗಿಸಿದರೆ ಒಂದು ಗಂಟೆಯ ಕೆಲಸ. ನಮ್ಮ ಬೀದಿಗಳಲ್ಲಿ ಹತ್ತು ಹೆಜ್ಜೆ ನಡೆದು ಚರಂಡಿಗೆ ಬಗ್ಗಿ ನೋಡಿದರೆ ಕಪ್ಪು ನೀರಿನಲ್ಲಿ ಮುಳುಗೇಳುವ ಸಣ್ಣ ಪೈಪುಗಳು ಕಾಣುತ್ತವೆ. ಅವೆಲ್ಲ ಕುಡಿಯುವ ನೀರಿನವು.

ಪೈಪಿನಲ್ಲಿ ದಿನವಿಡೀ ನೀರು ಒತ್ತಡದಲ್ಲಿದ್ದರೆ ಸಣ್ಣ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ, ಕೊಳಕು ಒಳಗೆ ಬರುವುದಿಲ್ಲ. ನಮ್ಮಲ್ಲಿ ನೀರು ಬಿಡುವುದು ಎರಡು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ. ವಾಲ್ವ್ ತಿರುಗಿಸಿ ವಾಟರ್‌ಮನ್ ಮುಂದಿನ ಓಣಿಗೆ ಹೋದ ಕೂಡಲೇ ಪೈಪು ಬರಿದಾಗುತ್ತದೆ. ಬರಿದಾದ ಪೈಪು ಹೀರುತ್ತದೆ. ನೀರು ಸಣ್ಣಗೆ ಬರುತ್ತದೆಂದು ಯಾರಾದರೂ ನಳಕ್ಕೇ ಮೋಟರ್ ಹಚ್ಚಿದರಂತೂ ಮುಗಿಯಿತು, ಬಿರುಕಿನ ಸುತ್ತ ಏನಿದೆಯೋ ಅದೆಲ್ಲ ಒಳಗೆ. ಮರುದಿನ ಮೊದಲ ಬಿಂದಿಗೆ ಯಾರ ಪಾಲಿಗೋ ಅವರ ಗ್ರಹಚಾರ. “ಮೊದ್ಲ ನೀರು ಚೆಲ್ಲಿ ಆಮ್ಯಾಲೆ ಹಿಡಿರಿ” ಎಂದು ನಮ್ಮ ಹೆಂಗಸರು ಹೇಳುವುದು ಸುಮ್ಮನೆ ಬಂದ ಮಾತಲ್ಲ.

2021ರ ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ವಿಜಯನಗರ ಜಿಲ್ಲೆ ಉದ್ಘಾಟನೆಯಾಯಿತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ನೀರು ಕುಡಿದು ಜನ ಸಾಲಾಗಿ ಆಸ್ಪತ್ರೆ ಸೇರುತ್ತಿದ್ದರು. ಆರು ಮಂದಿ ಸತ್ತರು. ಹಾಸಿಗೆ ಹಿಡಿದವರು ನೂರರ ಮೇಲೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತನಿಖೆಗೆ ಆದೇಶಿಸಿದರು, ಪರಿಹಾರ ಘೋಷಿಸಿದರು. ಪೈಪು ಒಡೆದು ಕೊಳಕು ಸೇರಿತೆಂಬುದು ಆಗ ಊರವರ ದೂರು. ಎರಡು ವರ್ಷ ಕಳೆಯುವಷ್ಟರಲ್ಲಿ, 2023ರ ಆಗಸ್ಟ್‌ನಲ್ಲಿ, ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಮತ್ತೆ ಅದೇ ಸುದ್ದಿ, ಮತ್ತೆ ಸಾವು.

ಇಂಥ ಸುದ್ದಿಯಲ್ಲಿ ಯಾವಾಗಲೂ ಎರಡು ಹೆಸರು ಕೇಳುತ್ತೇವೆ, ಅಧಿಕಾರಿಯದೊಂದು, ವಾಟರ್‌ಮನ್‌ನದೊಂದು. ಮೇಲಿನವನಿಗೆ ನೋಟಿಸು, ಕೆಳಗಿನವನಿಗೆ ಅಮಾನತು. ನಡುವೆ ಎಲ್ಲೋ ಒಂದು ಜಾಯಿಂಟ್ ಇರುತ್ತದೆ, ಅದನ್ನು ಒಂದು ದಿನ ಒಬ್ಬ ಮನುಷ್ಯ ಹಾಕಿರುತ್ತಾನೆ. ಅವನು ಯಾರು, ಯಾವಾಗ ಹಾಕಿದ, ಮುಚ್ಚುವ ಮುಂಚೆ ಯಾರಾದರೂ ನೋಡಿದರೇ? ಈ ಪ್ರಶ್ನೆಗಳಿಗೆ ಉತ್ತರ ಬರೆದಿಡುವ ಪುಸ್ತಕವೇ ಊರಲ್ಲಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಉರುಳಿದಾಗ ಊರಿಗೆ ಊರೇ ಅಚ್ಚಿನ ಬಗ್ಗೆ, ಗಾಲಿಯ ಬಗ್ಗೆ, ಮರದ ಹಳತಿನ ಬಗ್ಗೆ ಮಾತಾಡಿತು. ತೇರು ಕಣ್ಣಿಗೆ ಕಾಣುತ್ತದೆ. ಪೈಪು ಮಣ್ಣಿನಡಿ.

ಇದು ಬಡ ಹಳ್ಳಿಗಳ ಪಾಡು ಮಾತ್ರ ಎಂದುಕೊಳ್ಳಬೇಡಿ. 1933ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ದೊಡ್ಡ ವಿಶ್ವಮೇಳ. ಜನ ಬಂದು ಇಳಿದುಕೊಂಡದ್ದು ಅಲ್ಲಿನ ಒಳ್ಳೊಳ್ಳೆಯ ಹೋಟೆಲುಗಳಲ್ಲಿ. ಅಕ್ಕಪಕ್ಕದ ಎರಡು ಹೋಟೆಲುಗಳ ಹಳೆಯ ಪೈಪುಗಳಲ್ಲಿ ಕೊಳಚೆಯ ಸಾಲು ಕುಡಿಯುವ ನೀರಿನ ಸಾಲಿಗೆ ಬೆರೆತಿತ್ತು. ಮೇಳ ಮುಗಿಸಿ ಊರೂರಿಗೆ ಮರಳಿದವರಿಗೆ ಅಮೀಬಾ ಭೇದಿ ಹತ್ತಿತು. 1,400ಕ್ಕೂ ಹೆಚ್ಚು ಮಂದಿಗೆ ಕಾಯಿಲೆ, 98 ಸಾವು. ರೋಗ ಎಲ್ಲಿಂದ ಬಂತೆಂದು ವೈದ್ಯರು ಹುಡುಕುತ್ತ ಹುಡುಕುತ್ತ ಬಂದು ನಿಂತದ್ದು ಪೈಪಿನ ಜೋಡಣೆಯ ಮುಂದೆ. ಪ್ಲಂಬರ್‌ನ ಕೆಲಸ ಆರೋಗ್ಯ ಇಲಾಖೆಯ ಕೆಲಸವೂ ಹೌದೆಂದು ಅಲ್ಲಿಯವರು ಒಪ್ಪುವುದಕ್ಕೆ ಇಂಥ ಘಟನೆಗಳು ಬೇಕಾದವು.

ನಮ್ಮಲ್ಲೂ ಮಾತು ಕಾಗದಕ್ಕೆ ಬಂದಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಒಂಬತ್ತನೇ ಭಾಗ ಮುಖ್ಯವಾಗಿ ಪ್ಲಂಬಿಂಗ್‌ನದೇ. ಪರವಾನಗಿ ಇಲ್ಲವೇ ನೋಂದಣಿ ಇರುವ ಪ್ಲಂಬರ್‌ನಿಂದಲೇ ಕೆಲಸ ಮಾಡಿಸಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಸಂಹಿತೆ ಎಂಬುದು ಸಲಹೆ. ಸ್ಥಳೀಯ ಸಂಸ್ಥೆ ತನ್ನ ಬೈಲಾದಲ್ಲಿ ಬರೆದುಕೊಂಡು ಜಾರಿ ಮಾಡಿದಾಗಲೇ ಅದಕ್ಕೆ ಹಲ್ಲು. ಬೆಂಗಳೂರಿನಲ್ಲಿ ಜಲಮಂಡಳಿ, 1964ರ ತನ್ನದೇ ಕಾಯ್ದೆಯ ಬಲದಿಂದ, ಪ್ಲಂಬರ್‌ಗಳಿಗೆ ಪರವಾನಗಿ ಕೊಡುತ್ತದೆ. ಸಂಪರ್ಕದ ಕೆಲಸ ಅವರ ಮೂಲಕವೇ ಆಗಬೇಕು. ಉಳಿದ ಊರುಗಳಿಗೆ ಇರುವುದು 1973ರ ಕಾಯ್ದೆಯಿಂದ ಹುಟ್ಟಿದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಅದು ನದಿಯಿಂದ ನೀರೆತ್ತಿ, ಶುದ್ಧಿಸಿ, ಟ್ಯಾಂಕು ಕಟ್ಟಿ, ದೊಡ್ಡ ಪೈಪು ಹಾಕಿ ಊರಿಗೆ ಒಪ್ಪಿಸುತ್ತದೆ. ಆ ದೊಡ್ಡ ಪೈಪಿನ ಗುತ್ತಿಗೆದಾರನಿಗೆ ದರ್ಜೆ, ನೋಂದಣಿ, ಟೆಂಡರು, ಠೇವಣಿ ಎಲ್ಲ ಉಂಟು. ಅಲ್ಲಿಂದ ಮನೆಬಾಗಿಲಿಗೆ ಬರುವ ಕಡೆಯ ಮೂವತ್ತು ಅಡಿಗೆ ಬಂದಾಗ ಲೆಕ್ಕ ಕೈಬಿಟ್ಟುಹೋಗುತ್ತದೆ. ಪೈಪು ಹೆಚ್ಚಾಗಿ ಒಡೆಯುವುದು ಈ ಮೂವತ್ತು ಅಡಿಯಲ್ಲಿ.

ಹರಪನಹಳ್ಳಿಯನ್ನೇ ನೋಡಿ. 1953ರವರೆಗೆ ಮದ್ರಾಸು ರಾಜ್ಯ, ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆ, ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಡುವ ಸವಲತ್ತಿಗಾಗಿ ಹೋರಾಡಿ 2018ರ ಹೊತ್ತಿಗೆ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಕಚೇರಿಗಳ ಬೋರ್ಡು ಬದಲಾದದ್ದೇ ಬದಲಾದದ್ದು, ನೆಲದಡಿಯ ಪೈಪಿಗೆ ಇದ್ಯಾವುದೂ ತಿಳಿಯದು. ಇಂಥ ಊರುಗಳಲ್ಲಿ ಪೈಪಿನ ನಕಾಶೆ ಇರುವುದು ಹಳೆಯ ವಾಟರ್‌ಮನ್‌ನ ತಲೆಯಲ್ಲಿ. ಅವನು ನಿವೃತ್ತನಾದ ದಿನ ನಕಾಶೆಗೂ ನಿವೃತ್ತಿ. ಆಮೇಲೆ ಹೊಸ ಕಾಂಕ್ರೀಟ್ ರಸ್ತೆಯನ್ನು ಎಲ್ಲಿ ಒಡೆಯಬೇಕೆಂದು ತಿಳಿಯದೆ ನಾಲ್ಕು ಕಡೆ ಒಡೆಯುತ್ತಾರೆ. (ರಸ್ತೆ ಹಾಕುವ ಮುಂಚೆ ಪೈಪು ಯಾಕೆ ಹಾಕುವುದಿಲ್ಲ ಎಂಬ ಪ್ರಶ್ನೆಯನ್ನು ಬಾಲ್ಯದಿಂದ ಕೇಳುತ್ತ ಬಂದಿದ್ದೇನೆ, ಇಲ್ಲಿ ಮತ್ತೆ ಕೇಳುವುದಿಲ್ಲ.)

ಹಾಗಾದರೆ ಬೆಂಗಳೂರಿನ ಹಾಗೆ ಇಲ್ಲೂ ಪರವಾನಗಿ ತನ್ನಿ ಎನ್ನಬೇಕೇ? ಈ ಮಾತನ್ನು ಹಾರ್ಡ್‌ವೇರ್ ಅಂಗಡಿಯ ಮುಂದೆ ಎತ್ತಿದಾಗ ಐವತ್ತು ದಾಟಿದ ಪ್ಲಂಬರ್ ಒಬ್ಬರು ನಕ್ಕರು. “ತರ್ರಿ, ತರ್ರಿ. ನಾನು ಓದಿದ್ದು ನಾಲ್ಕನೇತ್ತ. ಕಂಪ್ಯೂಟರ್ ಪರೀಕ್ಷೆ ಇಡ್ತಾರ. ಹೊಸಪೇಟ್ಯಾಗ ಕುಂತಾವ ಒಬ್ಬ ಲೈಸೆನ್ಸ್ ತಗೋತಾನ, ಸಹಿಗೆ ಇಷ್ಟು ಅಂತ ಇಸ್ಕೋತಾನ. ಕೆಲಸ ಮತ್ತ ನಾನಾ ಮಾಡ್ತೀನಿ.” ಕರೆಂಟಿನ ಸಹಿಯ ಬಾಡಿಗೆ ನೋಡಿದ ಮೇಲೆ ಈ ಮಾತಿಗೆ ನನ್ನ ಬಳಿ ಜವಾಬಿರಲಿಲ್ಲ. ಓದಿನ ಸರ್ಟಿಫಿಕೇಟು ಕೇಳುವ ಲೈಸೆನ್ಸು ಕೈ ಬಲ್ಲವನನ್ನು ಹೊರಗಿಟ್ಟು ಕಾಗದ ಬಲ್ಲವನನ್ನು ಒಳಗೆ ಕೂರಿಸುತ್ತದೆ.

ನನ್ನ ಯೋಚನೆ ಇಷ್ಟು. ಮನೆಯೊಳಗಿನ ಬಾತ್‌ರೂಮು, ಷವರು, ಸಿಂಟೆಕ್ಸು ಯಾರಾದರೂ ಮಾಡಲಿ, ಅದು ಯಜಮಾನನಿಗೂ ಸಾಹುಕಾರರ ಗದ್ದಕ್ಕೂ ಬಿಟ್ಟದ್ದು. ಬೀದಿಯ ಪೈಪಿಗೆ ಕೈಹಾಕುವವನ ಹೆಸರು ಮಾತ್ರ ಪಟ್ಟಣ ಪಂಚಾಯಿತಿಯ ಪುಸ್ತಕದಲ್ಲಿ ಇರಲಿ. ಹೆಸರು ಸೇರಿಸಲು ಪರೀಕ್ಷೆ ಬೇಕೆಂದರೆ ಪಂಪ್‌ಹೌಸಿನ ಅಂಗಳದಲ್ಲಿ ಒಂದು ಗುಂಡಿ ತೋಡಿ, ಒಂದು ತುಂಡು ಪೈಪು ಇಟ್ಟು, “ಸ್ಯಾಡಲ್ ಕಟ್ಟಿ ಫೆರುಲ್ ಕೂರಿಸಿ ತೋರಿಸಪ್ಪ” ಎಂದರೆ ಸಾಕು. ಒತ್ತಡ ಕೊಟ್ಟು ಸೋರದಿದ್ದರೆ ಪಾಸ್. ನಾಲ್ಕನೇ ಇಯತ್ತೆ ಓದಿದವರೂ ಅಲ್ಲಿ ಮೊದಲ ದರ್ಜೆ ಪಡೆಯುತ್ತಾರೆ. ಕೆಲಸದಲ್ಲೇ ಕಲಿತವರ ಕೌಶಲ ಅಳೆದು ಪ್ರಮಾಣಪತ್ರ ಕೊಡುವ ಪದ್ಧತಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಹೇಗೂ ಇದೆ. ಜಲಜೀವನ ಮಿಷನ್ನಿನವರು ಹಳ್ಳಿಯ ಹುಡುಗರಿಗೆ ಪ್ಲಂಬಿಂಗ್, ಮೋಟರ್ ರಿಪೇರಿ ಕಲಿಸಲು ‘ನಲ್ ಜಲ್ ಮಿತ್ರ’ ಎಂದು ಶುರುಮಾಡಿದ್ದಾರೆ. 2019ರ ಆಗಸ್ಟ್ 15ರಂದು ಹೊರಟ ಆ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರಿನ ಮಾತು ಕೊಟ್ಟು ಮನೆಮನೆಗೂ ನಳ ನಿಲ್ಲಿಸುತ್ತ ಬಂದಿದೆ. ನಿಲ್ಲಿಸಿದಷ್ಟು ನಳ, ಅದರ ಎರಡರಷ್ಟು ಜಾಯಿಂಟು.

ಎರಡನೆಯದಾಗಿ, ಗುಂಡಿ ಮುಚ್ಚುವ ಮುಂಚೆ ಒಬ್ಬರು ಬಂದು ನೋಡಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ. ರಸ್ತೆ ಅಗೆಯಲು ಶುಲ್ಕ ಕಟ್ಟಿಸಿಕೊಳ್ಳುವವರು ಮುಚ್ಚಲು ಒಂದು ಸಹಿಯನ್ನೂ ಕೇಳಿದರೆ ಆಯಿತು. ನೀರು ಬಿಟ್ಟು, ಜಾಯಿಂಟಿನ ಮೇಲೆ ಕೈಯಾಡಿಸಿ, ಚರಂಡಿಯಿಂದ ಎಷ್ಟು ದೂರ ಎಂದು ಗೇಣಿನಲ್ಲಿ ಅಳೆದು, ಮಣ್ಣು ಎಳೆಯಿರಿ ಎನ್ನುವುದಕ್ಕೆ ಹತ್ತು ನಿಮಿಷ.

ನಮ್ಮ ಮನೆಗೆ ಕೆಲಸ ಮಾಡಿದ ಹುಡುಗನದು ಹಗರಿಬೊಮ್ಮನಹಳ್ಳಿ ಕಡೆ. ಲೈಸೆನ್ಸ್ ಇಲ್ಲ, ಐಟಿಐ ಇಲ್ಲ. ಪ್ಲಾಸ್ಟರ್ ಮಾಡುವ ಹಿಂದಿನ ದಿನ ಗೋಡೆ ಗೋಡೆಗೂ ಹೋಗಿ, ಪೈಪಿನ ಪಕ್ಕದಲ್ಲಿ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದ. ಯಾಕಪ್ಪ ಎಂದೆ. “ನಾಳೆ ಯಾರೋ ಬಂದು ದೇವರ ಫೋಟೊ ಹಾಕಾಕ ಡ್ರಿಲ್ ಹೊಡಿತಾರ್ರಿ ಸರ್. ಎಲ್ಲಿ ಐತಿ ಅಂತ ನನಗಾದ್ರೂ ಗೊತ್ತಿರ್ಬೇಕಲ್ಲ.” ಹೊರಗೆ ಬೀದಿಯ ಪೈಪಿಗೆ ಜೋಡಿಸಿದ ಜಾಗದ್ದೂ ಒಂದು ಫೋಟೊ ಇದೆಯಂತೆ. ಅದನ್ನು ಕಳಿಸು ಎಂದು ನಂಬರು ಕೊಟ್ಟೆ. ಆ ಗುಂಡಿಯ ಒಳಗೆ ಏನಿದೆ ಎಂದು ತೋರಿಸುವ ದಾಖಲೆ ನಮ್ಮ ಓಣಿಯಲ್ಲಿ ಈಗ ಇರುವುದು ನಮ್ಮಿಬ್ಬರ ಮೊಬೈಲಿನಲ್ಲಿ ಮಾತ್ರ.